ಕಳಕಪ್ಪ ಮಾಸ್ತರರ ಕೋಣೆಯ ಸೋರುವ ಟ್ಯಾಂಕು

ತುಂಗಭದ್ರೆಯ ದಂಡೆಯ ಮೇಲೊಂದು ಆಶ್ರಮ. ಕಲ್ಲುಗೋಡೆಯ ಏಳೆಂಟು ಕೋಣೆ, ನಡುವೆ ಅಂಗಳ, ಅಂಗಳದಲ್ಲೊಂದು ಬೇವಿನ ಮರ. ಹನ್ನೊಂದು ಮಂದಿ ಅಲ್ಲಿದ್ದರು.

ಗುರು ದಾನಾಂಬಿಕೆ ತಾಯಿ. ವಯಸ್ಸು ಎಪ್ಪತ್ತಾರು. ಎಲ್ಲರೂ ಅವರನ್ನು ಅವ್ವಾರು ಎನ್ನುತ್ತಿದ್ದರು.

ಪಂಪಣ್ಣ ಅವರ ಶಿಷ್ಯ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಅವನೊಂದು ಕೂಗು ಹಾಕಿದರೆ ನಾನೂರು ಮಕ್ಕಳು ಕಂಬದ ಹಾಗೆ ನಿಲ್ಲುತ್ತಿದ್ದರು. ಅವನ ಮನಸ್ಸು ಮಾತ್ರ ನಿಲ್ಲುತ್ತಿರಲಿಲ್ಲ. ಅದನ್ನು ನಿಲ್ಲಿಸಲೆಂದೇ ಆಶ್ರಮಕ್ಕೆ ಬಂದಿದ್ದ. ಬಂದು ಒಂದು ವರ್ಷವಾಗಿತ್ತು.

ಒಂದು ಶುಕ್ರವಾರ ಬೆಳಿಗ್ಗೆ ಸ್ನಾನಕ್ಕೆ ಹೋಗಿ ನಲ್ಲಿ ತಿರುವಿದ. ನೀರಿಲ್ಲ.

ಸತತ ಮೂರನೇ ದಿನ ಹೀಗಾಗಿತ್ತು. ಸಂಜೆ ಕರೆಂಟು ಇದ್ದಾಗ ಮೋಟಾರು ಹೊಳೆಯಿಂದ ನೀರೆತ್ತಿ ಮಾಳಿಗೆಯ ಮೇಲಿನ ತೊಟ್ಟಿ ತುಂಬಿಸುತ್ತಿತ್ತು. ಬೆಳಗಾಗುವಷ್ಟರಲ್ಲಿ ತೊಟ್ಟಿ ಖಾಲಿ.

ನೀರು ಎಲ್ಲಿ ಹೋಗುತ್ತಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಕಳಕಪ್ಪ ಮಾಸ್ತರರ ಕೋಣೆಗೆ ಹೊಂದಿಕೊಂಡ ಸಂಡಾಸಿನಲ್ಲಿ ಒಂದು ಹಳೆಯ ಫ್ಲಶ್ ಟ್ಯಾಂಕಿತ್ತು. ಯಾವುದೋ ಸರ್ಕಾರಿ ಬಂಗಲೆ ಕೆಡವಿದಾಗ ಭಕ್ತರೊಬ್ಬರು ತಂದುಕೊಟ್ಟ ಪಿಂಗಾಣಿ ಟ್ಯಾಂಕು. ಹಗಲೂ ರಾತ್ರಿ ಅದು ಸುಯ್ ಎನ್ನುತ್ತಿತ್ತು.

ಮಾಸ್ತರರಿಗೆ ಎಂಬತ್ತೊಂದು. ಸೊಂಟ ಮುರಿದು ಕೂಡಿಸಿದ್ದು. ಕುಕ್ಕರಗಾಲಲ್ಲಿ ಕೂರಲಾರರು. ಆಶ್ರಮದಲ್ಲಿ ಕುರ್ಚಿಯ ಹಾಗೆ ಕೂರುವ ಕಮೋಡು ಇದ್ದದ್ದು ಅದೊಂದೇ.

ಪಂಪಣ್ಣ ಖಾಲಿ ಬಕೆಟ್ಟನ್ನು ಅಂಗಳದಲ್ಲಿ ಕುಕ್ಕಿದ.

"ಒಬ್ಬರ ಸಲುವಾಗಿ ಹತ್ತು ಮಂದಿ ಒಣಗಬೇಕೇನು? ಆ ಸಂಡಾಸಕ್ಕ ಬೀಗ ಹಾಕ್ರಿ ಮೊದಲ!"

ಡ್ರಿಲ್ ಮಾಸ್ತರನ ದನಿ. ಹೊಳೆಯ ಆಚೆ ದಂಡೆಗೂ ಕೇಳಿಸುವಂಥದ್ದು.

ಕಳಕಪ್ಪ ಮಾಸ್ತರರ ಕಿಟಕಿ ತೆರೆದೇ ಇತ್ತು.

*

ಮಧ್ಯಾಹ್ನ ಅಡುಗೆಯ ಹೊನ್ನವ್ವ ಪಂಪಣ್ಣನ ತಟ್ಟೆಗೆ ರೊಟ್ಟಿ ಹಾಕಿದಳು. ಪಲ್ಯ ಹಾಕಲಿಲ್ಲ.

"ಯಾಕ ಹೊನ್ನವ್ವಾ?"

"ಮಾಸ್ತರ್ರು ಟ್ರಂಕು ಕಟ್ಟಾಕತ್ಯಾರ. ಗಂಗಾವತಿಗೆ ಫೋನ್ ಮಾಡ್ಯಾರ. ಸೋಮವಾರ ಒಂಬತ್ತಕ್ಕ ಅವರ ಅಣ್ಣನ ಮಗ ಜೀಪ್ ತಗೊಂಡ್ ಬರ್ತಾನಂತ."

ಪಂಪಣ್ಣನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

ಹೊನ್ನವ್ವನಿಗೆ ಐವತ್ತೆರಡು. ಹುಟ್ಟಿದಾಗಿನಿಂದ ಅಕ್ಷರ ಕಂಡವಳಲ್ಲ. ಎಂಟು ತಿಂಗಳಿಂದ ಮಾಸ್ತರರು ಅವಳಿಗೆ ದಿನಾ ಒಂದು ಗಂಟೆ ಕಲಿಸುತ್ತಿದ್ದರು. ಕಾಗುಣಿತ ಮುಗಿಸಿ ಒತ್ತಕ್ಷರಕ್ಕೆ ಬಂದಿದ್ದಳು.

"ನಿನ್ನೆ ನನ್ನ ಹೆಸರಿನ್ಯಾಗಿನ ಒತ್ತು ಬರೆಯೋದು ಕಲತೆ," ಎಂದಳು. "ಇನ್ನ ಮುಂದ ಯಾರು ಕಲಿಸ್ತಾರ? ನೀನು ಕಲಿಸ್ತೀಯೇನು?"

ಪಂಪಣ್ಣ ಊಟ ಬಿಟ್ಟು ಎದ್ದ. ಅವ್ವಾರು ಬೇವಿನ ಕೆಳಗೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

"ಅವ್ವಾರ, ನಂದು ತಪ್ಪಾತ್ರಿ. ಮಾಸ್ತರ್ರ ಕಾಲು ಹಿಡಿದು ಕ್ಷಮಾ ಕೇಳ್ತೀನಿ."

"ಕೇಳು. ಅದು ಆದಮ್ಯಾಲೆ?"

"ಆದಮ್ಯಾಲೆ ಏನ್ರಿ?"

"ನೀ ಕ್ಷಮಾ ಕೇಳಿದ್ರ ನೀರು ನಿಲ್ತೈತೇನು?"

ಪಂಪಣ್ಣ ಹೋಗಿ ಕ್ಷಮೆ ಕೇಳಿದ. ಮಾಸ್ತರರು ಮಂಚದ ಮೇಲೆ ಕುಳಿತು ಧೋತರ ಮಡಚುತ್ತಿದ್ದರು. ಸಿಟ್ಟಾಗಲಿಲ್ಲ.

"ನೀ ಖರೇನ ಹೇಳಿದಿ ಪಂಪಣ್ಣ. ಹನ್ನೊಂದು ಮಂದಿ ನೀರು ನನ್ನ ಕೋಣ್ಯಾಗ ಹರಿದು ಹೋಗ್ತೈತಿ. ರಾತ್ರಿ ಮಲಗಿದಾಗ ಆ ಸಪ್ಪಳ ಕೇಳಿ ನನಗೂ ನಿದ್ದಿ ಬರಂಗಿಲ್ಲ. ನನ್ನ ಸೊಂಟ ಒಂದು ಸರಿ ಇದ್ದಿದ್ರ..."

ಮಾತು ಅಲ್ಲಿಗೇ ಬಿಟ್ಟು ಇನ್ನೊಂದು ಧೋತರ ಕೈಗೆತ್ತಿಕೊಂಡರು.

ಬೈದಿದ್ದರೆ ಪಂಪಣ್ಣನಿಗೆ ಇಷ್ಟು ನೋವಾಗುತ್ತಿರಲಿಲ್ಲ.

*

ಪಂಪಣ್ಣ ಊರಿನ ಪ್ಲಂಬರನಿಗೆ ಫೋನು ಮಾಡಿದ. ಅವನು ತಂಗಿಯ ಮದುವೆಯಲ್ಲಿದ್ದ. ಬುಧವಾರ ಬರುತ್ತೇನೆಂದ. ಹಳೇ ಟ್ಯಾಂಕು ಎಂದು ಕೇಳಿ, ಅದರ ಸಾಮಾನು ಈಗ ಎಲ್ಲೂ ಸಿಗುವುದಿಲ್ಲ, ಕಿತ್ತು ಒಗೆಯಿರಿ ಎಂದ.

"ಅವ್ವಾರ, ನಾನ ಮಾಡ್ತೀನ್ರಿ," ಎಂದ ಪಂಪಣ್ಣ.

"ಮಾಡು."

"ಹೆಂಗ ಮಾಡ್ಬೇಕು?"

"ಅದರ ಮುಚ್ಚಳ ತಗದು ನೋಡೀಯೇನು?"

"ಇಲ್ಲರಿ."

ಅವ್ವಾರು ಮತ್ತೆ ಅವರೆಕಾಯಿ ಕೈಗೆತ್ತಿಕೊಂಡರು.

ಶನಿವಾರ ಬೆಳಿಗ್ಗೆ ಪಂಪಣ್ಣ ಮೋಟಾರು ಶೆಡ್ಡಿನಿಂದ ನಟ್ಟು ತಿರುವುವ ಪಾನಾ, ಇಕ್ಕಳ ತಂದು ಟ್ಯಾಂಕಿನ ಮುಚ್ಚಳ ತೆಗೆದ.

ಒಳಗೆ ನೀರು. ನೀರಿನ ಮೇಲೆ ತೇಲುವ ಒಂದು ತಾಮ್ರದ ಗುಂಡು. ತಳದಲ್ಲಿ ಕಮೋಡಿಗೆ ಇಳಿಯುವ ತೂತು, ತೂತಿನ ಮೇಲೆ ರಬ್ಬರಿನ ಒಂದು ಮುಚ್ಚಳ. ಆ ರಬ್ಬರಿನಿಂದ ಮೇಲಿನ ಹಿಡಿಕೆಗೆ ಒಂದು ಸಣ್ಣ ಸರಪಳಿ.

ಅವನು ಕಂಡದ್ದನ್ನೆಲ್ಲ ಬಿಗಿ ಮಾಡಿದ. ತಿರುಗುವ ನಟ್ಟುಗಳನ್ನೆಲ್ಲ ತಿರುವಿದ. ಸರಪಳಿ ಜೋಲುತ್ತಿತ್ತು. ಜೋಲುವುದನ್ನು ಕಂಡರೆ ಅವನಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಎರಡು ಕೊಂಡಿ ಮೇಲೆತ್ತಿ ಸಿಕ್ಕಿಸಿದ. ಸರಪಳಿ ನೆಟ್ಟಗೆ ನಿಂತಿತು.

ಹೆಮ್ಮೆಯಿಂದ ಕಿವಿಯಿಟ್ಟು ಕೇಳಿದ.

ಸುಯ್ ಎನ್ನುತ್ತಿದ್ದದ್ದು ಈಗ ಸೊಯ್ಯ್ ಎನ್ನುತ್ತಿತ್ತು.

*

"ಎಲ್ಲಾ ಬಿಗಿ ಮಾಡೀನ್ರಿ ಅವ್ವಾರ. ಮೊದಲಿಗಿಂತ ಜಾಸ್ತಿ ಸೋರಾಕತ್ತೈತಿ!"

"ಎಲ್ಲಿ ಸೋರಾಕತ್ತೈತಿ?"

"ಟ್ಯಾಂಕಿನ್ಯಾಗ್ರಿ."

"ಟ್ಯಾಂಕಿನ್ಯಾಗ ಎಲ್ಲಿ?"

ಪಂಪಣ್ಣ ತಲೆ ಕೆರೆದುಕೊಂಡ. "ಅದು ಗೊತ್ತಿಲ್ಲರಿ."

"ಎಲ್ಲಿ ಅಂತ ಗೊತ್ತಿಲ್ಲದ ಏನು ಬಿಗಿ ಮಾಡಿದಿ?"

ಅವ್ವಾರು ಒಳಗೆ ಹೋಗಿ, ಬಿಳಿ ಸೀರೆಗೆ ಹಾಕುವ ನೀಲಿಯ ಶೀಸೆ ತಂದುಕೊಟ್ಟರು.

"ಟ್ಯಾಂಕಿಗೆ ಇದನ್ನ ಹಾಕು. ಕಮೋಡಿನ ಮುಂದ ಕುಂದ್ರು. ಯಾವುದಕ್ಕೂ ಕೈ ಹಚ್ಚಬ್ಯಾಡ."

"ಎಷ್ಟೊತ್ತು ಕುಂದರಬೇಕ್ರಿ?"

"ಅದು ಹೇಳೋತನಕ."

ಪಂಪಣ್ಣ ನೀಲಿ ಹಾಕಿ ಮಣೆಯ ಮೇಲೆ ಕುಳಿತ. ಎದುರಿಗೆ ಹೊಳೆಯಿಲ್ಲ, ದೀಪವಿಲ್ಲ. ಬಿಳಿಯ ಕಮೋಡು, ಅದರ ತಳದಲ್ಲಿ ಒಂದು ಚೊಂಬಿನಷ್ಟು ನೀರು.

ಮೊದಲು ನಾಚಿಕೆಯಾಯಿತು. ಯಾರಾದರೂ ಬಂದು ನೋಡಿದರೆ ಏನೆಂದಾರು? ಆಮೇಲೆ ಸಿಟ್ಟು ಬಂತು. ಪ್ಲಂಬರನ ಮೇಲೆ, ಪ್ಲಂಬರನ ತಂಗಿಯ ಮೇಲೆ. ಆಮೇಲೆ ಬೆನ್ನು ನೋಯಿತು.

ಎದ್ದು ಹೋಗೋಣವೆನ್ನಿಸಿತು. ಬಾಗಿಲಾಚೆ ಮಾಸ್ತರರ ಟ್ರಂಕು ಕಾಣುತ್ತಿತ್ತು. ಎದ್ದು ಹೋಗಲಿಲ್ಲ.

ಎಷ್ಟು ಹೊತ್ತಾಯಿತೋ. ಕಮೋಡಿನ ಹಿಂಗೋಡೆಯ ಮೇಲೆ, ಅಂಚಿನ ಕೆಳಗಿನಿಂದ, ಒಂದು ಎಳೆ ಇಳಿಯಿತು. ಕೂದಲಿನಷ್ಟು ತೆಳ್ಳಗೆ. ನೀಲಿ.

ಅದು ಬಿಳಿಯ ಪಿಂಗಾಣಿಯ ಮೇಲೆ ಮೆಲ್ಲಗೆ ಜಾರಿ ಕೆಳಗಿನ ನೀರಿನಲ್ಲಿ ಹೊಗೆಯ ಹಾಗೆ ಹರಡಿತು.

ಅವನು ಬಗ್ಗಿ ನೋಡಿದ. ಇಷ್ಟು ದಿನ ತೊಟ್ಟಿ ಬರಿದು ಮಾಡಿದ ಕಳ್ಳ ಇವನೇ.

"ಅವ್ವಾರ! ನೀಲಿ ಬಂತು! ತಳದ ರಬ್ಬರಿನ ಸಂದಿಯಿಂದ ಸೋರಾಕತ್ತೈತಿ! ಗುಂಡಿಂದೇನೂ ತಪ್ಪಿಲ್ಲ, ನಟ್ಟಿಂದೂ ಇಲ್ಲ!"

ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವ್ವಾರು ಅವನ ನೀಲಿ ಬೆರಳುಗಳನ್ನು ನೋಡಿದರು.

"ಅದು ಹೇಳೋದು ಹೇಳಿತು. ಇನ್ನ ನೀ ಮಾಡು."

*

ಭಾನುವಾರ ಅವನು ನೀರಿನ ನಲ್ಲಿ ಬಂದ್ ಮಾಡಿ, ಟ್ಯಾಂಕು ಬರಿದು ಮಾಡಿ, ತಳಕ್ಕೆ ಕೈ ಹಾಕಿದ.

ರಬ್ಬರು ಒಣ ರೊಟ್ಟಿಯ ಹಾಗೆ ಬಿರುಸಾಗಿ ಸೊಟ್ಟಗಾಗಿತ್ತು. ಅದು ಕೂರುವ ತೂತಿನ ಅಂಚಿಗೆ ಸುಣ್ಣ ಕಟ್ಟಿತ್ತು. ವರ್ಷಗಟ್ಟಲೆ ನೀರು ಬಿಟ್ಟುಹೋದ ಬಿಳಿ ಹೆಪ್ಪು, ಕಲ್ಲಿನಂಥದ್ದು.

ಪಂಪಣ್ಣ ಉಳಿ ಇಟ್ಟು ಸುತ್ತಿಗೆ ಎತ್ತಿದ.

"ಯಾತರದು ಅದು, ಕಬ್ಬಿಣದ್ದೇನು?" ಅವ್ವಾರು ಬಾಗಿಲಲ್ಲಿ ನಿಂತಿದ್ದರು.

"ಅಲ್ಲರಿ, ಪಿಂಗಾಣಿ."

"ಒಂದ ಏಟು ಸಾಕು, ಮಾಸ್ತರ್ರು ನಾಳೆ ತನಕ ಕಾಯೋದ ಬ್ಯಾಡ. ಇವತ್ತ ಹೋಗಬಹುದು."

ಎತ್ತಿದ ಸುತ್ತಿಗೆ ಮೆಲ್ಲಗೆ ಕೆಳಗಿಳಿಯಿತು.

"ಮತ್ತ ಈ ಸುಣ್ಣ ಹೆಂಗ ಬಿಡಿಸಲ್ರಿ?"

"ತಾಮ್ರದ ಕೊಡ ಬೆಳಗೋರನ್ನ ಕೇಳು."

ಅವನು ಅಡುಗೆಮನೆಗೆ ಹೋದ. ಹೊನ್ನವ್ವ ನೆನೆಸಿದ ಹುಣಸೆಹಣ್ಣಿನ ಬೋಗುಣಿ ಎತ್ತಿಕೊಟ್ಟಳು.

ಹುಣಸೆಯ ತಿರುಳನ್ನು ಅಂಚಿಗೆ ಮೆತ್ತಿದ. ಕಾದ. ಬಟ್ಟೆಯಿಂದ ತಿಕ್ಕಿದ. ಒಂದಿಷ್ಟು ಪುಡಿ ಬಂತು. ಮತ್ತೆ ಮೆತ್ತಿದ, ಮತ್ತೆ ಕಾದ, ಮತ್ತೆ ತಿಕ್ಕಿದ.

ಮಂಚದ ಮೇಲಿಂದ ಮಾಸ್ತರರು ನೋಡುತ್ತಿದ್ದರು.

"ಯಾಕಪ್ಪಾ ಇಷ್ಟು ಒದ್ದಾಡ್ತಿ? ನಾ ಹೋದಮ್ಯಾಲೆ ನೀರು ತಾನ ಉಳೀತೈತಿ."

"ನೀರು ಉಳೀತೈತ್ರಿ ಮಾಸ್ತರ. ಹೊನ್ನವ್ವನ ಒತ್ತಕ್ಷರ ಉಳಿಯಂಗಿಲ್ಲ."

ಮಾಸ್ತರರು ಅಡುಗೆಮನೆಯ ಕಡೆ ನೋಡಿದರು.

"ಬಾಳ ಶಾಣ್ಯಾಕಿ ಅದಾಳ," ಎಂದರು. "ನಲವತ್ತು ವರ್ಷ ಸಾಲಿ ಕಲಿಸೀನಿ. ಅಷ್ಟು ಆಸೇದಿಂದ ಪಾಟಿ ಹಿಡಿದವರನ್ನ ನೋಡಿರಲಿಲ್ಲ."

ಮಧ್ಯಾಹ್ನದ ಹೊತ್ತಿಗೆ ಬೆರಳಿಗೆ ಅಂಚು ನುಣ್ಣಗೆ ಸಿಕ್ಕಿತು. ಸುತ್ತಲೂ ಒಂದೇ ಸಮ. ಪಂಪಣ್ಣ ಕಣ್ಣು ಮುಚ್ಚಿ ಇನ್ನೊಂದು ಸುತ್ತು ಬೆರಳಾಡಿಸಿದ. ಎಲ್ಲೂ ತಡೆಯಲಿಲ್ಲ.

ಇನ್ನು ರಬ್ಬರು. ಶೆಡ್ಡಿನ ಮೂಲೆಯಲ್ಲಿ ಟ್ರ್ಯಾಕ್ಟರಿನ ಹಳೆಯ ಟ್ಯೂಬು ಬಿದ್ದಿತ್ತು. ಹಳೆ ರಬ್ಬರನ್ನು ಅದರ ಮೇಲಿಟ್ಟು ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಮೊದಲನೆಯದು ಕತ್ತರಿಸುವಾಗ ಸೊಟ್ಟಗಾಯಿತು, ಎರಡನೆಯದು ಸಣ್ಣದಾಯಿತು. ಮೂರನೆಯದು ಕೂಡಿತು.

ರಬ್ಬರು ಕಟ್ಟಿ, ಸರಪಳಿ ಮತ್ತೆ ನೆಟ್ಟಗೆ ಸಿಕ್ಕಿಸಿ, ನೀರು ಬಿಟ್ಟು, ನೀಲಿ ಹಾಕಿ ಕುಳಿತ. ಈ ಸಲ ಯಾರೂ ಹೇಳಬೇಕಾಗಲಿಲ್ಲ.

ಹೊತ್ತು ಇಳಿಯಿತು. ಹಿಂಗೋಡೆ ಬೆಳ್ಳಗೇ ಇತ್ತು. ಅವನು ಇನ್ನೇನು ಏಳಬೇಕು, ನೀಲಿಯ ಎಳೆ ಕಂಡಿತು. ಮೊದಲಿಗಿಂತ ತೆಳ್ಳಗೆ. ಆದರೂ ಇತ್ತು.

ಅವನು ಎದ್ದು ಹೋಗಿ ಹೊಳೆಯ ಮೆಟ್ಟಿಲ ಮೇಲೆ ಕುಳಿತ.

*

ಸೋಮವಾರ ಬೆಳಕು ಹರಿಯಿತು. ತೊಟ್ಟಿಯಲ್ಲಿ ಮೊಣಕಾಲುದ್ದ ನೀರು ಉಳಿದಿತ್ತು. ಇಷ್ಟು ದಿನ ಅಷ್ಟೂ ಇರುತ್ತಿರಲಿಲ್ಲ. ಆದರೆ ಅಷ್ಟು ಸಾಲದು.

ಅವ್ವಾರು ಸಂಡಾಸಿನ ಹೊಸ್ತಿಲಿಗೆ ಬಂದು ನಿಂತರು. ಪಂಪಣ್ಣ ಒಳಗೆ ಮಣೆಯ ಮೇಲಿದ್ದ. ಕಣ್ಣು ಕೆಂಪಾಗಿತ್ತು.

"ಏನಾತು?"

"ಸುಣ್ಣ ತಗದೀನ್ರಿ. ಹೊಸ ರಬ್ಬರ್ ಹಾಕೀನಿ. ಮಾಡೋದೆಲ್ಲಾ ಮಾಡೀನಿ. ಆದ್ರೂ ಸೋರಾಕತ್ತೈತಿ."

"ಎಲ್ಲಾ ಮಾಡೀಯೇನು?"

"ಎಲ್ಲಾ ಮಾಡೀನ್ರಿ. ಇನ್ನ ಮಾಡೋದು ಏನೂ ಉಳಿದಿಲ್ಲ."

"ಮಾಡೋದು ಉಳಿದಿಲ್ಲ ಅಂದ್ರ, ಬಿಡೋದು ಏನರ ಐತೇನು ನೋಡು."

ಇಷ್ಟು ಹೇಳಿ ಅವ್ವಾರು ಹೂ ಕೀಳಲು ಹೋದರು.

ಪಂಪಣ್ಣ ಎದ್ದು ಟ್ಯಾಂಕಿನೊಳಗೆ ಬಗ್ಗಿದ. ಈ ಸಲ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ನೋಡಿದ.

ಅಂಚು ನುಣುಪಾಗಿತ್ತು. ರಬ್ಬರು ಮೆತ್ತಗಿತ್ತು. ಸರಪಳಿ ಬಿಗಿದ ದಾರದ ಹಾಗೆ ನೆಟ್ಟಗಿತ್ತು.

ನೆಟ್ಟಗಿತ್ತು. ಅವನು ಇನ್ನಷ್ಟು ಬಗ್ಗಿದ. ಸರಪಳಿ ಹಿಡಿದಲ್ಲಿ ರಬ್ಬರಿನ ಒಂದು ಮಗ್ಗುಲು ಒಂಚೂರು ಮೇಲೆದ್ದಿತ್ತು. ಒಂದು ಅಕ್ಕಿಕಾಳೂ ಹಿಡಿಯದಷ್ಟು. ಕೂರಲು ಹೊರಟ ರಬ್ಬರನ್ನು ಸರಪಳಿ ಕೂರಗೊಡುತ್ತಿರಲಿಲ್ಲ.

ಅದನ್ನು ಹಾಗೆ ಎಳೆದು ಕಟ್ಟಿದವನು ಯಾರು ಎಂದು ಅವನು ಯಾರನ್ನೂ ಕೇಳಬೇಕಿರಲಿಲ್ಲ.

ಎರಡು ಕೊಂಡಿ ಕೆಳಗಿಳಿಸಿದ. ಸರಪಳಿ ಜೋತುಬಿತ್ತು. ತಳದಲ್ಲಿ ರಬ್ಬರು 'ತಪ್' ಎಂದು ಕೂತಿತು.

ಹಳೆ ನೀರನ್ನೆಲ್ಲ ಹರಿಯಬಿಟ್ಟು, ಮತ್ತೆ ತುಂಬಿಸಿ, ಶೀಸೆಯಲ್ಲಿ ಉಳಿದಿದ್ದ ನೀಲಿಯನ್ನೆಲ್ಲ ಸುರಿದು ಕುಳಿತ.

ಕಿಟಕಿಯ ಬಿಸಿಲು ಗೋಡೆಯ ಮೇಲಿತ್ತು. ಬಿಸಿಲು ಗೋಡೆಯಿಂದ ಇಳಿದು ನೆಲಕ್ಕೆ ಬಂತು. ನೆಲದಿಂದ ಅವನ ಮೊಣಕಾಲಿಗೆ ಬಂತು.

ಹಿಂಗೋಡೆ ಬೆಳ್ಳಗಿತ್ತು.

ಏನೋ ಒಂದು ಸದ್ದು ಕೇಳಿಸುತ್ತಿತ್ತು. ಕಿವಿಗೊಟ್ಟ. ಅದು ಟ್ಯಾಂಕಿನದಲ್ಲ. ಹೊರಗೆ ಬಂಡೆಗಳ ನಡುವೆ ಹೊಳೆ ಹರಿಯುವ ಸದ್ದು. ಈ ಕೋಣೆಯಲ್ಲಿ ಅದು ಇದುವರೆಗೆ ಯಾರಿಗೂ ಕೇಳಿಸಿರಲಿಲ್ಲ.

ಪಂಪಣ್ಣ ಮಣೆ ಬಿಟ್ಟು ಎದ್ದ.

"ನಿಂತೈತಿ!"

ಹೊಳೆಯ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ತಲೆ ಎತ್ತಿದರು.

"ಹೊನ್ನವ್ವಾ! ಅವ್ವಾರ! ನೀರು ನಿಂತೈತಿ!"

*

ಒಂಬತ್ತಕ್ಕೆ ಜೀಪು ಬಂತು. ಮಾಸ್ತರರ ಅಣ್ಣನ ಮಗ ಚೆನ್ನವೀರ ಇಳಿದು ಬಂದಾಗ ಅಂಗಳದಲ್ಲಿ ಎಲ್ಲರೂ ನೆರೆದಿದ್ದರು. ಹೊನ್ನವ್ವನ ಕೈಯಲ್ಲಿ ಹಿಟ್ಟು ಮೆತ್ತಿತ್ತು. ಪಂಪಣ್ಣ ಮೊಣಕೈವರೆಗೆ ನೀಲಿಯಾಗಿದ್ದ.

"ಕಾಕಾ, ಹೊರಡೋಣೇನು?"

ಕಳಕಪ್ಪ ಮಾಸ್ತರರು ಅವನನ್ನೂ ನೋಡಿದರು, ಪಂಪಣ್ಣನನ್ನೂ ನೋಡಿದರು. ಕೋಲೂರಿಕೊಂಡು ಎದ್ದರು. ಜೀಪಿನ ಕಡೆಗೆ ಹೋಗಲಿಲ್ಲ. ಮೆಲ್ಲಗೆ ಸಂಡಾಸಿನೊಳಕ್ಕೆ ಹೋಗಿ ಬಾಗಿಲು ಹಾಕಿಕೊಂಡರು.

ಚೆನ್ನವೀರ ಏನೋ ಕೇಳಲು ಬಾಯಿ ತೆರೆದ. ಹೊನ್ನವ್ವ ತುಟಿಯ ಮೇಲೆ ಬೆರಳಿಟ್ಟಳು.

ಒಳಗೆ ಫ್ಲಶ್ ಭೋರ್ಗರೆಯಿತು. ಆಮೇಲೆ ಟ್ಯಾಂಕು ತುಂಬುವ ಸದ್ದು. ಎಲ್ಲರೂ ಅದನ್ನೇ ಕೇಳುತ್ತ ನಿಂತರು. ಸದ್ದು ಸಣ್ಣದಾಯಿತು. ಇನ್ನೂ ಸಣ್ಣದಾಯಿತು.

ನಿಂತಿತು.

ಒಂದು ನಿಮಿಷ. ಎರಡು ನಿಮಿಷ. ಬೇವಿನ ಮರದಲ್ಲಿ ಗಿಳಿಯೊಂದು ಕೂಗಿದ್ದು ಬಿಟ್ಟರೆ ಏನೂ ಇಲ್ಲ.

ಒಳಗಿನಿಂದ ಎಂಬತ್ತೊಂದು ವರ್ಷದ ದನಿ ಬಂತು, ತರಗತಿಯ ಕೊನೆಯ ಬೆಂಚಿಗೂ ಮುಟ್ಟುವ ಹಾಗೆ:

"ಪಂಪಣ್ಣಗ ನೂರಕ್ಕ ನೂರು!"

ಅಂಗಳ ಕೇಕೆ ಹಾಕಿತು. ಯಾರೋ ತಾಟು ಬಡಿದರು. ಏನಾಯಿತೆಂದು ತಿಳಿಯದ ಚೆನ್ನವೀರನೂ ಚಪ್ಪಾಳೆ ತಟ್ಟಿದ.

ಮಾಸ್ತರರು ಹೊರಗೆ ಬಂದರು. ಕಣ್ಣು ಒರೆಸಿಕೊಂಡರು.

"ತಮ್ಮಾ ಚೆನ್ನವೀರ, ಬಂದದ್ದು ಚಲೋ ಆತು. ಆ ಟ್ರಂಕು ಮಂಚದ ಕೆಳಗ ದೂಡು, ನನ್ನ ಕೈಲೆ ಆಗಂಗಿಲ್ಲ. ಊಟ ಮಾಡ್ಕೊಂಡು ಹೋಗು. ಹೊನ್ನವ್ವಾ, ಕೈ ತೊಳಕೊಂಡು ಪಾಟಿ ತಗೊಂಡ್ ಬಾ. ಮೂರು ದಿನದ ಪಾಠ ಬಾಕಿ ಐತಿ."

ಕೈ ತೊಳೆಯಲು ಹೊನ್ನವ್ವ ನಲ್ಲಿ ತಿರುವಿದಳು. ನೀರು ಧಾರಾಳವಾಗಿ ಸುರಿಯಿತು. ಅವತ್ತು ಮಧ್ಯಾಹ್ನ ಪಂಪಣ್ಣನ ತಟ್ಟೆಯಲ್ಲಿ ಎರಡು ಬಗೆಯ ಪಲ್ಯವಿತ್ತು.

ಊಟವಾದ ಮೇಲೆ ಅವನು ಅವ್ವಾರ ಹತ್ತಿರ ಬಂದು ಕುಳಿತ. ಕೂತವನು ಬಹಳ ಹೊತ್ತು ಅಲುಗಾಡಲಿಲ್ಲ. ಅದು ಅವನ ಗಮನಕ್ಕೂ ಬರಲಿಲ್ಲ.

"ಅವ್ವಾರ, ಆ ರಬ್ಬರು ಎಷ್ಟು ದಿನ ಬಾಳತೈತ್ರಿ?"

"ಒಂದು ವರ್ಷ. ಬಾಳ ಅಂದ್ರ ಎರಡು."

"ಸುಣ್ಣಾನೂ ಮತ್ತ ಕಟ್ಟತೈತಿ."

"ಕಟ್ಟತೈತಿ."

"ಅಂದ್ರ, ಅದು ಮತ್ತ ಸೋರೋದ."

ಅವ್ವಾರು ನಕ್ಕರು.

"ಸೋರಲಿ ಬಿಡೋ. ನೀ ಯಾರು ಅನ್ನೋದು ಈಗ ಅದಕ್ಕ ಗೊತ್ತಾಗೈತಿ, ಎಲ್ಲಿ ನೋಡಬೇಕು ಅನ್ನೋದು ನಿನಗ ಗೊತ್ತಾಗೈತಿ."